ಪಂಪಾಕ್ಷೇತ್ರದ ಶಿಲೆಗಳೂ ನಮ್ಮ ಬಸದಿಗಳೂ

ಬೈರಿದೇವರಕೊಪ್ಪದ ಬಸದಿಯ ಪ್ರತಿಷ್ಠಾ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆನು. ನಾನು ಪಂಡಿತನಲ್ಲ. ಮೆಟ್ರಿಕ್ ತನಕ ಓದಿ, ತೀರ್ಥರೂಪರ ಅಕ್ಕಿಯ ಅಂಗಡಿಯಲ್ಲಿ ತಕ್ಕಡಿ ಹಿಡಿದು ಕುಳಿತವನು. ಆದರೆ ಒಂದು ಹಳೆಯ ಬಾಕಿ ನನ್ನ ಮನಸ್ಸನ್ನು ಬಹುಕಾಲದಿಂದ ಕೊರೆಯುತ್ತಲಿತ್ತು. ಹಲವು ವರ್ಷಗಳ ಹಿಂದೆ ಇಂತಹದೇ ಒಂದು ಸಂಚಿಕೆಯಲ್ಲಿ ಹಂಪೆಯ ವಿಷಯವಾಗಿ ನಾನೊಂದು ಲೇಖನವನ್ನು ಬರೆದಿದ್ದೆನು. ಅದರಲ್ಲಿ, ಹೇಮಕೂಟದ ಮೇಲಿರುವ ಮೆಟ್ಟಿಲು ಶಿಖರದ ಗುಡಿಗಳೆಲ್ಲವೂ ನಮ್ಮ ಬಸದಿಗಳೆಂದೂ ಕಾಲಾಂತರದಲ್ಲಿ ಅವು ಕೈತಪ್ಪಿ ಹೋದವೆಂದೂ ಎದೆ ತಟ್ಟಿ ಬರೆದೆನು. ಬಂಧುಗಳು ಓದಿ ಮೆಚ್ಚಿದರು. ಕೆಲವರು ಸಭೆಗಳಲ್ಲಿ ಆ ಮಾತನ್ನು ಎತ್ತಿ ಆಡಿದರು. ಆ ಮಾತು ತಪ್ಪು. ಅದನ್ನು ತಿದ್ದಬೇಕೆಂದರೆ ಮೊದಲು ಕಲ್ಲಿನ ವಿಷಯವನ್ನೇ ಹೇಳಬೇಕಾಗುತ್ತದೆ.

ನಮ್ಮ ಧಾರವಾಡದ ಹೆಸರು ಪ್ರಪಂಚದ ಭೂವಿಜ್ಞಾನಿಗಳ ಬಾಯಲ್ಲಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಭಾರತೀಯ ಭೂಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸರು 1880ರ ದಶಕದಲ್ಲಿ ಈ ಸೀಮೆಯ ಪುರಾತನ ಪದರಗಲ್ಲುಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ಅಂದಿನಿಂದ ಅವು ಧಾರವಾಡ ಶಿಲೆಗಳೆಂದೇ ಪ್ರಸಿದ್ಧವಾಗಿವೆ. ಹೊಸಪೇಟೆಯ ದಕ್ಷಿಣಕ್ಕೆ ಕಬ್ಬಿಣದ ಅದಿರನ್ನು ಹೊತ್ತು ನಿಂತಿರುವ ಸಂಡೂರಿನ ಬೆಟ್ಟಗಳೂ ಇದೇ ಕುಲದವು. ಆದರೆ ಹಂಪೆಯ ಗುಂಡುಗಳು ಬೇರೆ ಜಾತಿಯವು. ಅವು ಬೆಣಚು, ಅಂದರೆ ಗ್ರಾನೈಟ್. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಹೆಸರು ಪಡೆದ ಒಂದು ಗ್ರಾನೈಟ್ ಪಟ್ಟಿಯು ಕರ್ನಾಟಕದ ನಡುವೆ ದಕ್ಷಿಣೋತ್ತರವಾಗಿ ಹಾಯ್ದು ಹಂಪೆಯ ಕಡೆಗೆ ಬರುತ್ತದೆ. ಭೂಗರ್ಭದಲ್ಲಿ ಕರಗಿದ್ದ ದ್ರವ್ಯವು ಹಳೆಯ ಶಿಲೆಗಳ ನಡುವೆ ನುಗ್ಗಿ, ಮೇಲಕ್ಕೆ ಬಾರದೆ ಆಳದಲ್ಲಿಯೇ ನಿಧಾನವಾಗಿ ಆರಿ ಗಟ್ಟಿಯಾದುದೇ ಈ ಕಲ್ಲು. ಇದರ ವಯಸ್ಸು ಸುಮಾರು 250 ಕೋಟಿ ವರ್ಷಗಳೆಂದು ಲೆಕ್ಕ ಹಾಕಿರುತ್ತಾರೆ. ಕಾಲವನ್ನು ಪಲ್ಯ ಸಾಗರಗಳಲ್ಲಿ ಎಣಿಸುವ ನಮ್ಮ ಶಾಸ್ತ್ರಗಳನ್ನು ಓದಿದವರಿಗೆ ಈ ಅಂಕಿ ಅಷ್ಟೇನೂ ದಿಗಿಲು ಹುಟ್ಟಿಸಲಾರದು.

ಹಂಪೆಗೆ ಹೋದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಈ ಗುಂಡುಗಳನ್ನು ಒಂದರ ಮೇಲೊಂದು ಪೇರಿಸಿದವರು ಯಾರು? ವಾಲಿ ಸುಗ್ರೀವರು ಕಾದಾಡುವಾಗ ಎಸೆದ ಬಂಡೆಗಳಿವು ಎಂದು ಸ್ಥಳದವರು ಹೇಳುವರು. ಭೂಕಂಪದಿಂದ ಹೀಗಾಯಿತೆಂದು ಕೆಲವು ಸುಶಿಕ್ಷಿತರೂ ಹೇಳುವುದನ್ನು ಕೇಳಿದ್ದೇನೆ. ಭೂವಿಜ್ಞಾನಿಗಳು ಹೇಳುವುದು ಬೇರೆ. ಗ್ರಾನೈಟ್ ಆರುವಾಗಲೂ ಮೇಲಿನ ಭಾರ ಇಳಿಯುವಾಗಲೂ ಅದರಲ್ಲಿ ಉದ್ದಕ್ಕೆ, ಅಡ್ಡಕ್ಕೆ, ಮಟ್ಟಸವಾಗಿ ಬಿರುಕುಗಳು ಬೀಳುತ್ತವೆ. ಬೆಲ್ಲದ ದೊಡ್ಡ ಪೆಂಟೆಯೊಂದನ್ನು ದಾರದಿಂದ ಚೌಕ ಚೌಕವಾಗಿ ಕೊರೆದಂತೆ ಎನ್ನಬಹುದು. ನೆಲದೊಳಗೆ ಇರುವಾಗಲೇ ಆ ಸಂದುಗಳಲ್ಲಿ ನೀರು ಇಳಿಯುತ್ತದೆ. ಚೌಕದ ಮೂಲೆಗಳಿಗೆ ನೀರು ಮೂರು ಕಡೆಯಿಂದ ತಾಗುವುದರಿಂದ ಮೂಲೆಗಳು ಮೊದಲು ಕರಗಿ ಮಣ್ಣಾಗುವವು; ನಡುವಿನ ತಿರುಳು ಉಂಡೆಯಾಗಿ ಉಳಿಯುವುದು. ಬಳಿಕ ಲಕ್ಷಾಂತರ ವರ್ಷಗಳ ಮಳೆ ಗಾಳಿಗೆ ಮಣ್ಣು ಕೊಚ್ಚಿಹೋಗಿ, ಉಂಡೆಗಳು ಇದ್ದಲ್ಲಿಯೇ ಬಯಲಿಗೆ ಬಂದವು. ಹೀಗಾಗಿ ಅವು ಯಾರೂ ಪೇರಿಸಿದವಲ್ಲ. ಸುತ್ತಲಿದ್ದುದು ಹೋಗಿ ಉಳಿದುಕೊಂಡವು.

ವಾನರರ ಮಾತು ಬಂದುದರಿಂದ ಇದೊಂದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ. ವಿಮಲಸೂರಿಯ ಪ್ರಾಕೃತ ಕೃತಿಯಿಂದ ಹಿಡಿದು ನಮ್ಮ ನಾಗಚಂದ್ರನ ರಾಮಚಂದ್ರಚರಿತಪುರಾಣದವರೆಗೆ ಜೈನ ರಾಮಕಥೆಯಲ್ಲಿ ಕಿಷ್ಕಿಂಧೆಯವರು ಕಪಿಗಳಲ್ಲ. ವಾನರ ಚಿಹ್ನೆಯುಳ್ಳ ವಿದ್ಯಾಧರರು. ಆದರೂ ಹಂಪೆಯ ಕಪಿಗಳು ನನ್ನ ಕೈಯೊಳಗಿನ ಬಾಳೆಹಣ್ಣನ್ನು ಕಸಿದಾಗ ಈ ವಾದವನ್ನು ಅವುಗಳ ಮುಂದೆ ಮಂಡಿಸಲು ನನಗೆ ಧೈರ್ಯವಾಗಲಿಲ್ಲ.

ಗ್ರಾನೈಟ್ ಕಲ್ಲು ಕಟ್ಟುವವರಿಗೆ ಕೊಡುವುದೂ ಬಹಳ, ಕೊಡದೆ ಇರುವುದೂ ಬಹಳ. ಐಹೊಳೆ ಪಟ್ಟದಕಲ್ಲುಗಳ ಗುಡಿಗಳು ಮರಳುಗಲ್ಲಿನವು. ದಾನಚಿಂತಾಮಣಿ ಅತ್ತಿಮಬ್ಬೆಯು 1007ರಲ್ಲಿ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವಾದರೋ ನಯವಾದ ಹಸುರುಗಪ್ಪು ಬಳಪದ ಕಲ್ಲಿನ ಜಾತಿಯದು. ಆ ಸೀಮೆಯಲ್ಲಿ ಮರಳುಗಲ್ಲನ್ನು ಬಿಟ್ಟು ಈ ಕಲ್ಲನ್ನು ಹಿಡಿದ ಮೊದಮೊದಲಿನ ಕಟ್ಟಡಗಳಲ್ಲಿ ಅದೂ ಒಂದೆಂದು ಪುರಾತತ್ವಜ್ಞರ ಅಭಿಪ್ರಾಯ. ಆ ಕಲ್ಲಿನ ಮೇಲೆ ಶಿಲ್ಪಿಯು ಬಂಗಾರದ ಕೆಲಸದವನಂತೆ ಕೊರೆಯಬಲ್ಲನು. ಹಂಪೆಯ ಗ್ರಾನೈಟ್ ಉಳಿಗೆ ಅಷ್ಟು ಬೇಗ ಬಗ್ಗದು. ಆದರೆ ಅದು ಹಲಗೆಯಾಗಿ ಒಡೆಯುತ್ತದೆ. ಇಂದಿಗೂ ಹಂಪೆಯ ಬಂಡೆಗಳ ಮೇಲೆ ಸಾಲಾಗಿ ಕೊರೆದ ಚಿಕ್ಕ ಕುಳಿಗಳನ್ನು ಎಲ್ಲೆಲ್ಲಿಯೂ ಕಾಣಬಹುದು. ಅವುಗಳಲ್ಲಿ ಬೆಣೆಗಳನ್ನು ಬಡಿದು ಬಂಡೆಯನ್ನು ಸೀಳುತ್ತಿದ್ದರು. ಕಮಲಾಪುರದ ಬಳಿ ಒಬ್ಬ ವೃದ್ಧ ಕಲ್ಲುಕುಟಿಗನು ನನಗೆ ಹೇಳಿದನು: “ಸಾವಕಾರ್ರ, ಕಟ್ಟಿಗಿಗೆ ಇದ್ದಂಗ ಕಲ್ಲಿಗೂ ನಾರ ಇರತೈತ್ರಿ. ನಾರ ಹಿಡದು ಹೊಡದ್ರ ತಾನ ಬಾಯಿ ಬಿಡತೈತಿ, ಅಡ್ಡ ಹೊಡದ್ರ ನಿಮ್ಮ ಉಳೀನ ಮುರೀತೈತಿ.” ಭೂವಿಜ್ಞಾನದ ಪುಸ್ತಕಗಳು ಅನೇಕ ಪುಟಗಳಲ್ಲಿ ಹೇಳುವುದನ್ನು ಅವನು ಎರಡು ಮಾತಿನಲ್ಲಿ ಮುಗಿಸಿದನು.

ಅಕ್ಕಿಯ ವ್ಯಾಪಾರಕ್ಕಾಗಿ ಗಂಗಾವತಿಗೆ ಹೋಗಿಬರುವುದು ನನಗೆ ವಾಡಿಕೆ. ಆ ದಾರಿಯಲ್ಲಿ ಆನೆಗೊಂದಿಯೂ ಹಂಪೆಯೂ ಸಿಕ್ಕುವುವು. ಬೋಳು ಬಂಡೆಗಳ ಕಾಲಬುಡದಲ್ಲಿಯೇ ಹಸುರು ಭತ್ತದ ಗದ್ದೆ, ಬಾಳೆಯ ತೋಟ. ಕೂಡಲಿಯಲ್ಲಿ ತುಂಗೆ ಭದ್ರೆಯರು ಸೇರಿ ಹರಿದು ಬಂದ ಹೊಳೆಯು ಇಲ್ಲಿ ಗಟ್ಟಿ ಕಲ್ಲನ್ನು ಸೀಳಿಕೊಂಡು, ತಿರುತಿರುಗಿ, ಇಕ್ಕಟ್ಟಾದ ಕೊರಕಲಿನಲ್ಲಿ ಸಾಗುತ್ತದೆ. ಇಂತಹ ಹೊಳೆಯನ್ನು ಶತ್ರುವು ಸುಲಭವಾಗಿ ದಾಟಲಾರನು. ಬಂಡೆಯಿಂದ ಬಂಡೆಗೆ ಗೋಡೆ ಎಳೆದರೆ ಅರ್ಧ ಕೋಟೆಯನ್ನು ಪ್ರಕೃತಿಯೇ ಕಟ್ಟಿಕೊಟ್ಟಂತಾಯಿತು. ಕಲ್ಲಿನ ತೊಡಕಿನಲ್ಲಿ ಅಣೆಗಳನ್ನು ಹಾಕಿ ನೀರನ್ನು ತಿರುಗಿಸುವುದೂ ಸುಲಭ. ವಿಜಯನಗರದ ಅರಸರು ತೋಡಿಸಿದ ತುರ್ತಾ ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಇಂದಿಗೂ ನೀರು ಹರಿದು ಗದ್ದೆಗಳು ಬೆಳೆಯುತ್ತಿವೆ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಇವುಗಳ ದೊಡ್ಡ ತಮ್ಮ. ಅದರಿಂದ ನೀರು ಹೆಚ್ಚು ಬಿಟ್ಟಾಗ ಹಂಪೆಯ ಪುರಂದರ ಮಂಟಪವು ಮುಳುಗುವುದನ್ನು ವೃತ್ತಪತ್ರಿಕೆಗಳಲ್ಲಿ ತಾವೆಲ್ಲರೂ ನೋಡಿರುತ್ತೀರಿ.

ಈ ನೀರು ಈ ನೆರಳನ್ನು ಕಂಡು ಜನರು ನೆಲಸಿದ್ದು ವಿಜಯನಗರದ ಕಾಲದಲ್ಲಿ ಮಾತ್ರವಲ್ಲ. ವಿಠ್ಠಲ ದೇವಾಲಯದಿಂದ ಆಚೆಗೆ ನಿಂಬಾಪುರದ ಬಳಿ ಬೂದಿಯ ದಿಬ್ಬವೊಂದಿದೆ. ವಾಲಿಯನ್ನು ದಹನ ಮಾಡಿದ ಸ್ಥಳವೆಂದು ಜನರ ನಂಬುಗೆ. ಬಳ್ಳಾರಿ ಸೀಮೆಯಲ್ಲಿ ಕುಡತಿನಿ ಮೊದಲಾದ ಕಡೆಗಳಲ್ಲಿ ಇಂತಹ ದಿಬ್ಬಗಳು ಅನೇಕವಿದ್ದು, ಅವುಗಳ ಮೇಲೆ ವಿದ್ವಾಂಸರಲ್ಲಿ ಬಹುಕಾಲ ಚರ್ಚೆ ನಡೆಯಿತು. ಆಲ್ಚಿನ್ ಎಂಬ ಪುರಾತತ್ವಜ್ಞರು ಉಟ್ನೂರಿನ ದಿಬ್ಬವನ್ನು ಅಗೆದು 1963ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿ, ಇವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳೆಂದೂ ವರ್ಷ ವರ್ಷವೂ ಕೂಡಿಬಿದ್ದ ಸೆಗಣಿಯನ್ನು ಸುಟ್ಟುದರಿಂದ ಈ ಬೂದಿಯಾಯಿತೆಂದೂ ತೋರಿಸಿಕೊಟ್ಟರು. ವೀರನ ಚಿತೆ ಎಂದು ಕೈಮುಗಿಯುವ ಸ್ಥಳವು ನಾಲ್ಕು ಸಾವಿರ ವರ್ಷದ ಹಿಂದಿನ ಗೋಶಾಲೆಯಾದರೆ ಅದರಲ್ಲಿ ಕಡಿಮೆಯಾದುದೇನು? ನನಗಂತೂ ಗೌರವ ಹೆಚ್ಚಿತು.

ಹೊಳೆಯ ಉತ್ತರಕ್ಕೆ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಕಲ್ಲಿನ ಹಲಗೆಗಳಿಂದ ಕಟ್ಟಿದ ನೂರಾರು ಬೃಹತ್ ಶಿಲಾ ಸಮಾಧಿಗಳಿವೆ. ಪಶ್ಚಿಮಕ್ಕೆ ಕೊಪ್ಪಳದಲ್ಲಿ ಅಶೋಕನ ಎರಡು ಬಂಡೆಶಾಸನಗಳು. ಆ ಕೊಪ್ಪಳವೇ ನಮ್ಮ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಕೊಂಡಾಡಿಸಿಕೊಂಡ ಕೊಪಣತೀರ್ಥ. ಅದರ ವಿಷಯ ಬರೆಯಲು ಬೇರೊಂದು ಸಂಚಿಕೆಯೇ ಬೇಕು. ಪಂಪಾದೇವಿಯ ಹೆಸರಿನಿಂದ ಪಂಪೆಯೆನಿಸಿ, ಹಳಗನ್ನಡದ ಪಕಾರವು ಹಕಾರವಾದಾಗ ಹಂಪೆಯಾದ ಈ ಊರು, ವಿಜಯನಗರವು ಹುಟ್ಟುವುದಕ್ಕೆ ಬಹು ಮುಂಚೆಯೇ ಶೈವ ಕ್ಷೇತ್ರವಾಗಿತ್ತು. ಕವಿ ಹರಿಹರನು ವಿರೂಪಾಕ್ಷನ ಸನ್ನಿಧಿಯಲ್ಲಿ ಕಾವ್ಯ ಬರೆದುದು ಸಂಗಮ ವಂಶದ ಸ್ಥಾಪನೆಗಿಂತ ಶತಮಾನಕ್ಕೂ ಹಿಂದೆ.

ಮುಂದಿನ ಕಥೆಯನ್ನು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. 1565ರ ಜನವರಿಯಲ್ಲಿ ರಕ್ಕಸತಂಗಡಗಿಯ ಯುದ್ಧವಾಗಿ ರಾಜಧಾನಿಯು ಹಾಳುಬಿದ್ದಿತು. ಶೋಧನೆಯ ಕಥೆಯನ್ನು ಮಾತ್ರ ಕಡಿಮೆ ಜನ ಬಲ್ಲರು. ಕರ್ನಲ್ ಕಾಲಿನ್ ಮೆಕೆಂಜಿಯು 1799ರ ಸುಮಾರಿಗೆ ಇಲ್ಲಿಯ ನಕ್ಷೆಯನ್ನು ತೆಗೆಯಿಸಿದನು. ಈ ಮೆಕೆಂಜಿಗೆ ಜೈನ ಶಾಸ್ತ್ರ ಶಾಸನಗಳನ್ನು ವಿವರಿಸಿ ತಿಳಿಸಿದವರು ಮಲೆಯೂರಿನ ನಮ್ಮ ಪಂಡಿತ ಧರ್ಮಯ್ಯನವರು ಎಂಬುದನ್ನು ಇಲ್ಲಿ ಸ್ಮರಿಸುವುದು ನಮ್ಮ ಕರ್ತವ್ಯ. 1856ರಲ್ಲಿ ಗ್ರೀನ್‌ಲಾ ಎಂಬ ಅಧಿಕಾರಿ ಛಾಯಾಚಿತ್ರಗಳನ್ನು ತೆಗೆದನು. 1900ರಲ್ಲಿ ರಾಬರ್ಟ್ ಸಿವೆಲ್‌ರ ಗ್ರಂಥ ಹೊರಬಂದು, ಪೋರ್ತುಗೀಜ ಪ್ರವಾಸಿಗಳ ಬರಹಗಳು ಎಲ್ಲರಿಗೂ ದೊರೆತವು. 1917ರಲ್ಲಿ ಲಾಂಗ್‌ಹರ್ಸ್ಟ್‌ರು ಹಂಪೆಯ ಅವಶೇಷಗಳ ಮೇಲೆ ಕೈಪಿಡಿಯನ್ನು ಬರೆದರು. 1970ರ ದಶಕದಿಂದ ಕೇಂದ್ರ ಹಾಗೂ ರಾಜ್ಯದ ಪುರಾತತ್ವ ಇಲಾಖೆಗಳು ಕ್ರಮವಾಗಿ ಉತ್ಖನನ ಕೈಕೊಂಡವು.

ಅಗೆದಾಗ ಏನು ದೊರೆಯಿತು? ಅರಮನೆಗಳ ಜಗಲಿಗಳು ಮಾತ್ರ. ದೇವರ ಮನೆಗೆ ಕಲ್ಲು, ಅರಸನ ಮನೆಗೆ ಮರ ಎಂಬುದು ಅಂದಿನ ಪದ್ಧತಿ. ಮರವೆಲ್ಲ ಸುಟ್ಟುಹೋಗಿ ಬೂದಿ, ಇದ್ದಿಲು, ಕಬ್ಬಿಣದ ಮೊಳೆಗಳು, ಚೀನಾದೇಶದ ಪಿಂಗಾಣಿಯ ಚೂರುಗಳು ಉಳಿದಿದ್ದವು. 1980ರ ದಶಕದಲ್ಲಿ ಮಹಾನವಮಿ ದಿಬ್ಬದ ಹತ್ತಿರ ಮಣ್ಣಿನಡಿಯಿಂದ ಮೆಟ್ಟಿಲುಗಳ ಸುಂದರವಾದ ಪುಷ್ಕರಣಿಯೊಂದು ಹೊರಬಂದಿತು. ಅದರ ಕಲ್ಲು ಹಂಪೆಯ ಗ್ರಾನೈಟ್ ಅಲ್ಲ, ಕರಿಯ ಪದರಗಲ್ಲು. ಒಂದೊಂದು ಕಲ್ಲಿನ ಮೇಲೆಯೂ ಅದು ಯಾವ ದಿಕ್ಕಿನದು, ಯಾವ ಸಾಲಿನದು ಎಂಬ ಗುರುತುಗಳನ್ನು ಕೊರೆದಿದ್ದಾರೆ. ಬೇರೆಡೆಯಲ್ಲಿ ಸಿದ್ಧಪಡಿಸಿದ ಕಲ್ಲುಗಳನ್ನು ತಂದು ಇಲ್ಲಿ ಕೂಡಿಸಿದರೆಂದು ಇದರಿಂದ ತಿಳಿಯುತ್ತದೆ. ಸರಕಿನ ಚೀಲಗಳ ಮೇಲೆ ಗುರುತು ಹಾಕುವ ನಮ್ಮಂತಹವರಿಗೆ ಇದು ಬೇಗ ಅರ್ಥವಾಗುವ ವಿದ್ಯೆ.

ಇನ್ನು ಹೇಮಕೂಟ. ವಿರೂಪಾಕ್ಷ ದೇವಾಲಯದ ದಕ್ಷಿಣಕ್ಕೆ ಹಾಸುಬಂಡೆಯಂತೆ ಏರುವ ಗುಡ್ಡ. ಅದರ ಮೇಲೆ ಚಿಕ್ಕ ದೊಡ್ಡ ಗುಡಿಗಳು ಮೂವತ್ತಕ್ಕೂ ಹೆಚ್ಚು. ಹಲವುಗಳಲ್ಲಿ ಮೂರು ಗರ್ಭಗೃಹಗಳು, ಮೇಲೆ ಹಂತ ಹಂತವಾಗಿ ಕಿರಿದಾಗುತ್ತ ಹೋಗುವ ಕಲ್ಲಿನ ಶಿಖರಗಳು. ನಾನು ತರುಣನಾಗಿದ್ದಾಗ ಬಂಧುಗಳೊಡನೆ ಅಲ್ಲಿಗೆ ಹೋಗಿದ್ದೆನು. ಜೊತೆಯಲ್ಲಿ ಬಂದ ಮಾರ್ಗದರ್ಶಿಯು ಇವು ಜೈನ ಗುಡಿಗಳೆಂದು ಹೇಳಿದನು. ಹಳೆಯ ಪುಸ್ತಕವೊಂದರಲ್ಲಿಯೂ ಅದೇ ಮಾತು ಇದ್ದಿತು. ಕೇಳಲು ಹಿತವಾದ ಮಾತನ್ನು ಯಾರು ಪರೀಕ್ಷಿಸುತ್ತಾರೆ? ಬಂದ ಅಕ್ಕಿಯನ್ನು ಹಿಡಿಯಲ್ಲಿ ತೆಗೆದು ನೋಡದೆ ಕೊಳ್ಳದ ನಾನು, ಈ ಮಾತನ್ನು ಮೂಟೆಯೊಡನೆ ಕೊಂಡುಬಿಟ್ಟೆನು.

ನನ್ನ ಲೇಖನ ಅಚ್ಚಾದ ಬಳಿಕ ಹೊಸಪೇಟೆಯ ನಿವೃತ್ತ ಶಿಕ್ಷಕರೊಬ್ಬರು, ನಮ್ಮ ಗಿರಾಕಿಯೊಬ್ಬರ ಬೀಗರು, ಅದನ್ನು ಓದಿ ನನ್ನನ್ನು ಕರೆದರು. ಬೈಯಲಿಲ್ಲ. “ಸಾವಕಾರರೇ, ಶಿಖರ ನೋಡಿದಿರಿ ಸರಿ, ಬಾಗಿಲ ಮೇಲೆ ಏನಿದೆ ನೋಡಿದಿರಾ? ಗೋಡೆಯ ಅಕ್ಷರ ಓದಿಸಿದಿರಾ?” ಎಂದು ಕೇಳಿದರು. ಮರುದಿನವೇ ತಮ್ಮ ಎಪ್ಪತ್ತರ ವಯಸ್ಸಿನಲ್ಲಿ ನನ್ನೊಡನೆ ಗುಡ್ಡ ಹತ್ತಿದರು. ಅಲ್ಲಿಯ ತ್ರಿಕೂಟಗಳಲ್ಲೊಂದರಲ್ಲಿ ಶಾಸನವಿದೆ. ಮುಮ್ಮಡಿ ಸಿಂಗೆಯ ನಾಯಕನ ಮಗನಾದ ಕಂಪಿಲರಾಯನು ತನ್ನ ತಂದೆ ತಾಯಿಯೇ ಮೊದಲಾದವರ ನೆನಪಿಗಾಗಿ ಮೂರು ಶಿವಲಿಂಗಗಳನ್ನು ಪ್ರತಿಷ್ಠಿಸಿ ಗುಡಿ ಕಟ್ಟಿಸಿದುದನ್ನು ಅದು ಹೇಳುತ್ತದೆ. ಈ ಕಂಪಿಲನೇ ದಿಲ್ಲಿಯ ಸೈನ್ಯದೊಡನೆ ಹೋರಾಡಿ 1327ರ ಸುಮಾರಿಗೆ ಮಡಿದವನು, ಕುಮಾರರಾಮನ ತಂದೆ. ಉಳಿದ ಗುಡಿಗಳನ್ನೂ ಒಂದೊಂದಾಗಿ ನೋಡುತ್ತ ಹೋದೆವು. ಲಿಂಗದ ಪೀಠಗಳು ಕಂಡವು. ಮುಕ್ಕೊಡೆಯಾಗಲಿ, ಲಾಂಛನವಾಗಲಿ, ಬಾಗಿಲವಾಡದ ಮೇಲೆ ಜಿನಬಿಂಬವಾಗಲಿ ನನಗೆ ಕಾಣಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಬಂಡೆ ಕಾದು ಅಂಗಾಲು ಸುಡುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಮುಖ ಸುಡುತ್ತಿತ್ತು.

ಹಾಗಾದರೆ ಆ ಮೆಟ್ಟಿಲು ಶಿಖರ? ಅದು ಕದಂಬ ಶೈಲಿಯೆಂದು ಹೆಸರಾದ ಹಳೆಯ ಕನ್ನಡನಾಡಿನ ಪದ್ಧತಿ. ಶೈವರೂ ಜೈನರೂ ಇಬ್ಬರೂ ಬಳಸಿದರು. ಇದಕ್ಕೆ ಕಲ್ಲಿನದೂ ಒಂದು ಪಾಲಿದೆ ಎಂದು ನನ್ನ ಅಲ್ಪಮತಿಗೆ ತೋರುತ್ತದೆ. ಹಲಗೆಯಾಗಿ ಸೀಳುವ ಕಲ್ಲಿನಿಂದ ಒಂದರ ಮೇಲೊಂದು ಕಿರಿದಾದ ಹಾಸುಗಳನ್ನು ಇಡುತ್ತ ಹೋದರೆ ತಾನಾಗಿಯೇ ಈ ಆಕಾರ ಬರುತ್ತದೆ. ಕಲ್ಲು ಒಂದೇ, ಕುಟಿಗರು ಒಂದೇ. ಒಳಗೆ ಯಾರನ್ನು ಪ್ರತಿಷ್ಠಿಸಿದರೆಂಬುದನ್ನು ಬಾಗಿಲೂ ಬರಹವೂ ಹೇಳಬೇಕೇ ಹೊರತು ಶಿಖರವಲ್ಲ.

ನಮ್ಮದೆಂದು ಬರಹವೇ ಹೇಳುವ ಬಸದಿಗಳು ಹಂಪೆಯಲ್ಲಿ ಇವೆ. ನಮ್ಮವರು ಹೇಮಕೂಟವನ್ನು ಹತ್ತಿ ಇಳಿದು, ಇವುಗಳನ್ನು ನೋಡದೆ ಮೋಟಾರು ಹತ್ತಿ ಬರುವುದೇ ನನ್ನ ದುಃಖ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯಲ್ಲಿ ಗಾಣಿಗಿತ್ತಿ ಬಸದಿ ಇದೆ. ಈ ಹೆಸರು ಜನರು ಇಟ್ಟದ್ದು, ಶಾಸನದಲ್ಲಿ ಇಲ್ಲ. ಎದುರಿಗೆ ಎತ್ತರವಾದ ಮಾನಸ್ತಂಭ, ಅದರ ಮೇಲೆ ಸಂಸ್ಕೃತ ಶಾಸನ. ಎರಡನೆಯ ಹರಿಹರನ ಮಂತ್ರಿ ಚೈಚ ದಂಡನಾಯಕನ ಮಗನೂ ಸಿಂಹನಂದಿ ಆಚಾರ್ಯರ ಶಿಷ್ಯನೂ ಆದ ಇರುಗಪ್ಪ ದಂಡನಾಯಕನು ಶಕೆ 1307ರಲ್ಲಿ ಕರ್ಣಾಟ ದೇಶದ ಕುಂತಲ ವಿಷಯದ ವಿಜಯನಗರಿಯಲ್ಲಿ ಕುಂಥು ಜಿನನಾಥರ ಚೈತ್ಯಾಲಯವನ್ನು ಶಿಲೆಯಿಂದ ಕಟ್ಟಿಸಿದನೆಂದು ಅದರಲ್ಲಿ ಬರೆದಿದೆ. ಶಕೆ 1307 ಎಂದರೆ ಕ್ರಿ.ಶ. 1385-86. ಈ ಇರುಗಪ್ಪನು ಖಡ್ಗ ಹಿಡಿದವನು ಮಾತ್ರವಲ್ಲ. ನಾನಾರ್ಥರತ್ನಮಾಲೆಯೆಂಬ ನಿಘಂಟನ್ನು ರಚಿಸಿದವನು. ತಮಿಳುನಾಡಿನ ಜಿನಕಂಚಿಯಲ್ಲಿಯೂ ಮಂಟಪ ಕಟ್ಟಿಸಿದವನು. ಬಸದಿಯ ಗರ್ಭಗೃಹದ ಮೇಲೆ ಹೇಮಕೂಟದಲ್ಲಿರುವಂತಹ ಮೆಟ್ಟಿಲು ಶಿಖರವೇ ಇದೆ. ಆದರೆ ಬಾಗಿಲವಾಡದ ಮೇಲೆ ಮುಕ್ಕೊಡೆಯ ಕೆಳಗೆ ಚಾಮರಸಹಿತನಾಗಿ ಕುಳಿತ ಜಿನೇಶ್ವರನಿದ್ದಾನೆ. ಅದನ್ನು ಕಂಡಾಗ ನನ್ನ ಜೊತೆಗಿದ್ದ ಶಿಕ್ಷಕರು, “ಈಗ ಬರೆಯಿರಿ” ಎಂದರು.

ಎರಡನೆಯದು ದಣಾಯಕನ ಕೋಟೆಯೆಂದು ಕರೆಯುವ ಆವರಣದ ಹತ್ತಿರದ ಪಾರ್ಶ್ವನಾಥ ಚೈತ್ಯಾಲಯ. ಇದನ್ನು ಶಕೆ 1348ರಲ್ಲಿ, ಎಂದರೆ 1426ರಲ್ಲಿ, ಎರಡನೆಯ ದೇವರಾಯನೇ ಕಟ್ಟಿಸಿದನು. ಅದು ಇದ್ದುದು ಅಡಕೆ ಎಲೆಗಳ ಪೇಟೆಯ ಬೀದಿಯಲ್ಲಿ ಎಂದು ಶಾಸನವೇ ಹೇಳುತ್ತದೆ. ಪೇಟೆಯ ನಡುವೆ ಬಸದಿ! ವ್ಯಾಪಾರ ಮುಗಿಸಿ, ಕೈಕಾಲು ತೊಳೆದು ಸೂರ್ಯ ಮುಳುಗುವ ಮುನ್ನ ದರ್ಶನಕ್ಕೆ ಬರುತ್ತಿದ್ದ ವರ್ತಕರು ನನ್ನ ಕಣ್ಣ ಮುಂದೆ ಕಟ್ಟಿದಂತಾಯಿತು. ಈಗ ಅಲ್ಲಿ ಪೇಟೆಯೂ ಇಲ್ಲ, ಛಾವಣಿಯೂ ನೆಟ್ಟಗಿಲ್ಲ.

ಈ ಎರಡೂ ಬಸದಿಗಳು ಹುಟ್ಟುವುದಕ್ಕೆ ಮೊದಲು ಒಂದು ಘಟನೆ ನಡೆಯಿತು. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಊರುಗಳ ಜೈನರು, ವೈಷ್ಣವರಿಂದ ತಮಗೆ ಅನ್ಯಾಯವಾಯಿತೆಂದು ಬುಕ್ಕರಾಯನಲ್ಲಿ ಮೊರೆಯಿಟ್ಟರು. ರಾಯನು ಜೈನರ ಕೈಗಳನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಪಂಚಮಹಾವಾದ್ಯಗಳೂ ಕಲಶವೂ ಮೊದಲಿನಂತೆ ಸಲ್ಲಬೇಕೆಂದು ವಿಧಿಸಿದನು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಿ, ಅದರಿಂದ ಬೆಳಗೊಳಕ್ಕೆ 20 ಮಂದಿ ಕಾವಲುಗಾರರನ್ನಿಟ್ಟು, ಮಿಕ್ಕುದನ್ನು ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಯಿಸಲು ಬಳಸಬೇಕೆಂಬ ಏರ್ಪಾಡನ್ನು ವೈಷ್ಣವರಿಗೇ ಒಪ್ಪಿಸಲಾಯಿತು. ಶ್ರವಣಬೆಳಗೊಳದ ಶಾಸನದಲ್ಲಿ ಇದೆಲ್ಲವೂ ಇದೆ. ಹೇಮಕೂಟದ ಶಿವಾಲಯಗಳನ್ನು ನಮ್ಮದೆಂದು ಬರೆದುಕೊಂಡ ನನ್ನ ಲೇಖನದಲ್ಲಿ ಈ ಶಾಸನದ ಒಂದು ಸಾಲೂ ಇರಲಿಲ್ಲ.

ಹಂಪೆಯು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ ಅಪಾಯದಲ್ಲಿರುವ ಸ್ಥಳಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಹೊರಬಂದಿತು. ಅಲ್ಲಿ 1600ಕ್ಕೂ ಹೆಚ್ಚು ಅವಶೇಷಗಳನ್ನು ಎಣಿಸಿದ್ದಾರೆ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿದುಬಿದ್ದಿತು. 250 ಕೋಟಿ ವರ್ಷದ ಕಲ್ಲೂ ಬುಡದ ಮಣ್ಣು ಸಡಿಲಿದರೆ ನಿಲ್ಲದು.

ಹೋಗಬೇಕೆನ್ನುವವರಿಗೆ ಹುಬ್ಬಳ್ಳಿಯಿಂದ ಗದಗು, ಕೊಪ್ಪಳದ ಮೇಲೆ ಹೊಸಪೇಟೆಗೆ ರೈಲು ಇದೆ. ಹೊಸಪೇಟೆಯಿಂದ ಕಮಲಾಪುರಕ್ಕೆ ಬಸ್ಸು. ಗಾಣಿಗಿತ್ತಿ ಬಸದಿಯ ಮಾನಸ್ತಂಭದ ಅಕ್ಷರಗಳು ಇಳಿಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತವೆ. ಹಳೆಯ ಸಂಚಿಕೆಯ ಪ್ರತಿಗಳು ನನ್ನಲ್ಲಿ ಕೆಲವು ಉಳಿದಿದ್ದವು. ಹೇಮಕೂಟದ ಮಾತು ಬರುವ ಪುಟದಲ್ಲಿ ತಿದ್ದುಪಡಿಯ ಚೀಟಿಯನ್ನು ಅಂಟಿಸಿದ್ದೇನೆ. ಯಾರ ಮನೆಯಲ್ಲಿ ಆ ಸಂಚಿಕೆ ಇದೆಯೋ ಅವರು ನಮ್ಮ ಅಂಗಡಿಗೆ ಬಂದರೆ ಅವರಿಗೂ ಒಂದು ಚೀಟಿಯನ್ನು ಕೊಡುತ್ತೇನೆ.